ಬೆಲ್ಲ ಕದ್ದವಳ ಬೆನ್ನು

ಗುಬ್ಬಿ ಊರಿನ ನಮ್ಮ ಮನೆಯಲ್ಲಿ ನೆಟ್ಟಗೆ ನಿಲ್ಲಲು ಆಗುತ್ತಿದ್ದದ್ದು ಗಂಡಸರು ಓಡಾಡುವ ಕಡೆ ಮಾತ್ರ. ಪಡಸಾಲೆಯ ಸೂರು ಎತ್ತರ. ನಡುಮನೆಯ ತೊಲೆಗಳು ಅಪ್ಪ ಕೈ ಚಾಚಿದರೂ ಸಿಗುತ್ತಿರಲಿಲ್ಲ. ಅಡುಗೆಮನೆಯನ್ನು ಮಾತ್ರ ಯಾವುದೋ ಕಾಲದಲ್ಲಿ ಹಿಂದಕ್ಕೆ ಇಳಿಜಾರಾಗಿ ಎಳೆದು ಕಟ್ಟಿದ್ದರು. ಅದರ ಬಾಗಿಲು ಅವ್ವನ ಹಣೆಯ ಮಟ್ಟಕ್ಕಿತ್ತು. ಒಳಗೆ ಹೋಗಲು ಬಗ್ಗಬೇಕು, ಹೋದ ಮೇಲೆ ಒಲೆ ನೆಲದ ಮೇಲಿದ್ದದ್ದರಿಂದ ಬಗ್ಗಿಯೇ ಇರಬೇಕು. ಮುದ್ದೆಯ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಹಿಟ್ಟು ತಿರುವುವಾಗ ಅವ್ವನ ಬೆನ್ನು ಒಂದು ಕಡೆಗೆ ತಿರುಚಿಕೊಂಡಿರುತ್ತಿತ್ತು. ಪೊರಕೆ ಮೊಳದುದ್ದ. ಉದ್ದದ ಹಿಡಿ ಕಟ್ಟಿದ ಪೊರಕೆ ಮನೆಗೆ ದರಿದ್ರ ಎಂದು ಅಜ್ಜಿ ನಂಬಿದ್ದಳು. ಅಪ್ಪನ ತಾಯಿ ಅವಳು, ಮನೆಯ ಯಜಮಾನಿ. ಅವಳು ಕೂರುತ್ತಿದ್ದದ್ದು ಪಡಸಾಲೆಯ ಮಂಚದ ಮೇಲೆ, ಗೋಡೆಗೆ ಬೆನ್ನು ಕೊಟ್ಟು. ಅಲ್ಲಿಂದಲೇ ಬಗ್ಗಿದವರನ್ನೆಲ್ಲ ಇನ್ನಷ್ಟು ಬಗ್ಗಿಸುತ್ತಿದ್ದಳು.

ನನಗೆ ಎಂಟು ತುಂಬಿದಾಗ ಹಿತ್ತಿಲಿನ ಬಾವಿ ನನ್ನ ಪಾಲಿಗೆ ಬಂತು. ಬಚ್ಚಲಿನ ಹಂಡೆ ತುಂಬಲು ಹನ್ನೆರಡು ಬಿಂದಿಗೆ ಬೇಕು. ಹಿತ್ತಿಲ ಬಾಗಿಲಿನ ಅಗುಳಿ ತೆಗೆಯಲು ಬಲಗೈ ಬೇಕಾದ್ದರಿಂದ ಬಿಂದಿಗೆ ಯಾವಾಗಲೂ ಎಡ ಸೊಂಟದ ಮೇಲೆ. ಆ ಸೊಂಟವನ್ನು ಹೊರಗೆ ಚಾಚಿ, ಮೈಯನ್ನು ಬಲಕ್ಕೆ ವಾಲಿಸಿ ನಡೆಯುವುದು ನನಗೆ ನಡಿಗೆಯೇ ಆಗಿಹೋಯಿತು. ಬಿಂದಿಗೆ ಇಲ್ಲದಾಗಲೂ ಹಾಗೆಯೇ ನಡೆಯುತ್ತಿದ್ದೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವನಾದ ಅಣ್ಣ ಆ ನೀರಿನಲ್ಲಿ ಮೀಯುತ್ತಾ ಒಳಗಿನಿಂದ ಕೂಗುತ್ತಿದ್ದ.

"ಸರೋಜಾ, ಇನ್ನೊಂದ್ ಬಿಂದ್ಗೆ ತಾರೇ, ಸೋಪು ಹೋಗಿಲ್ಲ!"

ಅವನ ಮೇಲೆ ಆಗ ಸಿಟ್ಟು ಬರುತ್ತಿರಲಿಲ್ಲ. ಅದು ನನ್ನ ಕೆಲಸ ಎಂದೇ ನಾನೂ ತಿಳಿದಿದ್ದೆ. ಈಗ ಬರುತ್ತದೆ. ಅರವತ್ತಕ್ಕೆ ಹತ್ತಿರವಾದ ಹೆಂಗಸು ಅಣ್ಣನ ಸ್ನಾನದ ನೀರಿನ ಬಗ್ಗೆ ಸಿಟ್ಟು ಮಾಡಿಕೊಳ್ಳುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಗೊತ್ತು. ಕಾಣದಿದ್ದರೆ ಬೇಡ.

ನಡುಮನೆಯ ಮೇಲೆ ಅಟ್ಟವಿತ್ತು. ಬಿದಿರಿನ ಗಳುಗಳನ್ನು ಹಾಸಿದ ಅಟ್ಟ. ತೋಟದ ಕಾಯಿಗಳನ್ನು ಸಿಪ್ಪೆ ಸಮೇತ ಅದರ ಮೇಲೆ ಪೇರಿಸಿದರೆ ತಿಂಗಳುಗಟ್ಟಲೆ ಒಲೆಯ ಹೊಗೆ ಕುಡಿದು ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತಿತ್ತು. ಆಗಿದೆಯೋ ಇಲ್ಲವೋ ಎಂದು ನೋಡಲು ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಗಲಗಲ ಎಂದರೆ ಆಯಿತು, ಕೆಳಕ್ಕೆ ಎಸೆಯಬೇಕು. ಗಳುಗಳು ಹಳೆಯವು, ದೊಡ್ಡವರ ಭಾರ ತಡೆಯುವುದಿಲ್ಲ ಎಂದು ನನ್ನನ್ನು ಹತ್ತಿಸುತ್ತಿದ್ದರು. ಅಣ್ಣ ನನ್ನಷ್ಟೇ ಸಣ್ಣಕಿದ್ದ. ಆದರೆ ಅವನು ಬಿದ್ದುಬಿಟ್ಟರೆ ಎಂಬ ಭಯ ಅಜ್ಜಿಗಿತ್ತು. ಅಟ್ಟದ ಒಂದು ಮೂಲೆಯಲ್ಲಿ ಬೆಲ್ಲದ ಗುಡಾಣವೂ ಇತ್ತು. ಮುಂದೆ ಇಡೀ ಕಥೆ ನಿಂತದ್ದು ಆ ಗುಡಾಣದ ಮೇಲೆ.

ನಾನು ಬಿದ್ದದ್ದು ಒಂಬತ್ತನೆಯ ವಯಸ್ಸಿನಲ್ಲಿ. ಮನೆಯಲ್ಲಿ ಅದನ್ನು ಹೇಳುತ್ತಿದ್ದದ್ದು ಹೀಗೆ: ಅಪ್ಪ ಬೆಳ್ಳಾವಿಗೆ ಹೋಗಿದ್ದ ದಿನ, ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ, ಸರೋಜಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಅಟ್ಟ ಹತ್ತಿದಳು. ಗುಡಾಣಕ್ಕೆ ಕೈ ಹಾಕಿ ಬಾಯಿ ತುಂಬ ಬೆಲ್ಲ ತುಂಬಿಕೊಂಡಳು. ಅಜ್ಜಿ ಕೆಮ್ಮಿದ್ದೇ ತಡ, ಹೆದರಿ ಧೊಪ್ಪೆಂದು ಬಿದ್ದಳು. ಬಿದ್ದರೂ ಬಾಯಿ ಬಿಡಲಿಲ್ಲ, ಬೆಲ್ಲ ಬಿದ್ದುಹೋಗುತ್ತಲ್ಲ! ಈ ಕೊನೆಯ ಮಾತಿಗೆ ಎಲ್ಲರೂ ನಗಬೇಕು. ಸಂಜೆ ಬೆಳ್ಳಾವಿಯಿಂದ ಬಂದ ಅಪ್ಪ ಮೊದಲ ಸಲ ನಕ್ಕ. ನಾನು ನಡುಮನೆಯ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದೆ. ಅಂಗಾತ ಮಲಗಲು ಆಗುತ್ತಿರಲಿಲ್ಲ. ಅಪ್ಪ ಬಗ್ಗಿ ನನ್ನ ಮುಖ ನೋಡಿ ಕೇಳಿದ:

"ಬೆಲ್ಲ ಸಿಕ್ತೇನ್ಲೇ ಕಳ್ಳಿ?"

ನಾನೂ ನಕ್ಕೆನಂತೆ. ಅಪ್ಪ ಪ್ರೀತಿಯಿಂದ ಮಾತನಾಡಿಸಿದ್ದೇ ಅಪರೂಪ, ನಕ್ಕಿರಬೇಕು.

ಮೂರು ದಿನ ಮಲಗಿದ್ದೆ. ಆಸ್ಪತ್ರೆಯ ಮಾತು ಯಾರೂ ಎತ್ತಲಿಲ್ಲ. ಮೂರನೆಯ ದಿನ ಪಕ್ಕದ ಮನೆಯ ಗಂಗಮ್ಮನನ್ನು ಕರೆಸಿದರು. ಗಂಗಮ್ಮ ಆಗಿನ್ನೂ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಕಾಲಿನಿಂದ ನೀವಿದರೆ ಸೊಂಟದ ಉಳುಕು ಬಿಡುತ್ತದೆ ಎಂಬ ನಂಬಿಕೆ. ನನ್ನನ್ನು ಹೊಸ್ತಿಲಿನ ಮೇಲೆ ಬೋರಲು ಮಲಗಿಸಿದರು. ಅವಳು ಅಂಗಾಲಿಗೆ ಹರಳೆಣ್ಣೆ ಹಚ್ಚಿಕೊಂಡು ನನ್ನ ಬೆನ್ನಿನ ಮೇಲೆ ಮೂರು ಸಲ ಎಳೆದಳು, ಮೂರನೆಯ ಸಲ ಮೆಲ್ಲಗೆ ಒದ್ದಳು. ನನ್ನ ಕಣ್ಣಿಗೆ ಕತ್ತಲು ಬಂತು. "ಬುಡ್ತು, ಬುಡ್ತು" ಎಂದಳು ಅಜ್ಜಿ. ನಾಲ್ಕನೆಯ ದಿನ ಬೆಳಿಗ್ಗೆ ಅವ್ವ ನನ್ನನ್ನು ಎಬ್ಬಿಸಿ ಕೈಗೆ ಬಿಂದಿಗೆ ಕೊಟ್ಟಳು. ಹನ್ನೆರಡು ಬಿಂದಿಗೆ. ಒಂದೊಂದಕ್ಕೂ ಬಾವಿಕಟ್ಟೆಯ ಮೇಲೆ ಹೊಟ್ಟೆ ಊರಿ ಉಸಿರು ತೆಗೆದುಕೊಂಡು ಮುಂದಕ್ಕೆ ಹೋದದ್ದು ನೆನಪಿದೆ.

ಆಮೇಲೆ ಆ ಕಥೆ ನನಗಿಂತ ಚೆನ್ನಾಗಿ ಬೆಳೆಯಿತು. ಹಬ್ಬಕ್ಕೆ ನೆಂಟರು ಬಂದರೆ ಹೇಳುತ್ತಿದ್ದರು. ನನ್ನ ಮದುವೆಯ ಬೀಗರೂಟದಲ್ಲಿ ಚಿಕ್ಕಪ್ಪ ಎದ್ದು ನಿಂತು, ನನ್ನ ಗಂಡನಿಗೆ "ಮನೇಲಿ ಬೆಲ್ಲದ ಡಬ್ಬ ಜ್ವಾಪಾನ ಕಣಪ್ಪೋ" ಎಂದಾಗ ಎರಡು ಪಂಕ್ತಿ ನಕ್ಕವು. ನಾನು ನನ್ನ ಮಕ್ಕಳಿಗೆ ಹೇಳಿದೆ. ಕುಣಿಗಲ್‌ನಲ್ಲಿ ಜೊತೆಯ ಕೆಲಸಗಾರರಿಗೂ ಊಟದ ಹೊತ್ತಿನಲ್ಲಿ ಹೇಳಿದ್ದೇನೆ. ಹೇಳಿ ಹೇಳಿ ಬಾಯಲ್ಲಿ ಕರಗುತ್ತಿದ್ದ ಆ ಬೆಲ್ಲದ ರುಚಿ ಕೂಡ ನನಗೆ ನೆನಪಿತ್ತು.

ಹನ್ನೆರಡು, ಹದಿಮೂರರ ಹೊತ್ತಿಗೆ ಇನ್ನೊಂದು ಶುರುವಾಯಿತು. ಮೈ ತುಂಬಿಕೊಳ್ಳುತ್ತಿತ್ತು. ನಾನು ಪಡಸಾಲೆ ದಾಟುವಾಗಲೆಲ್ಲ ಅಜ್ಜಿಯ ಕಣ್ಣು ನನ್ನ ಮೇಲೆ.

"ಏನ್ಲೇ ಅದು, ಗಂಡುಬೀರಿ ಹಂಗೆ ಎದೆ ಸೆಟಸ್ಕಂಡು? ಬಗ್ಗಿ ನಡಿಯೇ. ಮರ್ಯಾದಸ್ತ್ರ ಮನೆ ಹೆಣ್ಮಗ್ಳಾ ನೀನು?"

ಬಗ್ಗಿದೆ. ಹೆಗಲುಗಳನ್ನು ಮುಂದಕ್ಕೆ ತಂದು, ಪುಸ್ತಕಗಳನ್ನು ಎದೆಗೆ ಅವುಚಿ, ಕತ್ತು ಇಳಿಸಿ ಶಾಲೆಗೆ ಹೋದೆ. ಒಂದು ದಿನ ಮರೆತು ನೆಟ್ಟಗೆ ನಡೆದದ್ದಕ್ಕೆ ಅಜ್ಜಿ ಕೈಯಲ್ಲಿದ್ದ ಬೀಸಣಿಗೆಯ ಹಿಡಿಯಿಂದ ಬೆನ್ನಿನ ನಡುವೆ ಕುಟ್ಟಿದಳು, ಸರಿಯಾಗಿ ನೋವಿದ್ದ ಜಾಗಕ್ಕೆ. ಸದ್ದು ಅಡುಗೆಮನೆಗೆ ಕೇಳಿಸಿತು. ಅವ್ವ ಹೊರಗೆ ಬರಲಿಲ್ಲ.

ಓದಿದೆ, ಟೈಪಿಂಗ್ ಕಲಿತೆ, ಕುಣಿಗಲ್‌ನ ಒಂದು ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾದೆ. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಎರಡರ ಮುಂದೆಯೂ ಅಜ್ಜಿ ಹೇಳಿಕೊಟ್ಟ ಹಾಗೆಯೇ ಕೂತೆ, ಹೆಗಲು ಮುಂದೆ, ಕತ್ತು ಕೆಳಗೆ. ಕುರ್ಚಿ ನನ್ನ ಎತ್ತರಕ್ಕೆ ಸರಿಯಿಲ್ಲ ಎಂದು ಹೇಳಬಹುದಿತ್ತು. ಬೇರೆಯವರು ಹೇಳಿ ಬದಲಾಯಿಸಿಕೊಂಡರು. ನನಗೆ ಹೇಳಲು ಬಾಯಿ ಬರಲಿಲ್ಲ. ಸಂಜೆ ಎದ್ದು ನಿಲ್ಲಲು ಮೇಜನ್ನು ಹಿಡಿದುಕೊಳ್ಳಬೇಕಾಗುತ್ತಿತ್ತು. ಯಾರಾದರೂ ನೋಡಿದರೆ "ಏನಿಲ್ಲ, ಜೋಮು" ಎನ್ನುತ್ತಿದ್ದೆ. ನಿವೃತ್ತಿಯ ಹಿಂದಿನ ವರ್ಷ, ತುಮಕೂರಿನ ನಮ್ಮ ಮನೆಯ ಬಚ್ಚಲಿನಲ್ಲಿ, ಬರೀ ಒಂದು ಚೊಂಬು ನೀರಿಗೆ ಬಗ್ಗಿದವಳು ಮೇಲೇಳಲಿಲ್ಲ. ಎಡಗಾಲಿನ ಉದ್ದಕ್ಕೂ ಬೆಂಕಿ ಹರಿದ ಹಾಗಾಯಿತು. ಮಗಳು ಬಾಗಿಲು ದಬ್ಬಿ ಬಂದು ಎತ್ತಿದಳು.

ಎಕ್ಸ್‌ರೇ ನೋಡಿದ ಡಾಕ್ಟರು ಕೆಳಬೆನ್ನಿನಲ್ಲಿ ನರ ಒತ್ತಿಕೊಂಡಿದೆ, ಅದರ ಮೇಲಿನ ಒಂದು ಮೂಳೆ ಮುಂಭಾಗದಲ್ಲಿ ತಗ್ಗಾಗಿದೆ, ಅದು ಬಹಳ ಹಳೆಯ ಪೆಟ್ಟಿರಬಹುದು ಎಂದು ಹೇಳಿ ಫಿಜಿಯೋಥೆರಪಿಗೆ ಬರೆದುಕೊಟ್ಟರು. ವ್ಯಾಯಾಮ ಮಾಡಿಸುವ ಹುಡುಗಿ ಮೇಘನಾ, ನನ್ನ ಮಗಳಿಗಿಂತ ಚಿಕ್ಕವಳು. ಮೊದಲ ದಿನವೇ ಕೇಳಿದಳು.

"ಮೇಡಂ, ಚಿಕ್ಕವರಿದ್ದಾಗ ಎಲ್ಲಾದ್ರೂ ಬಿದ್ದಿದ್ರಾ? ಬೆನ್ನಿಗೆ ಪೆಟ್ಟಾಗಿತ್ತಾ?"

"ಇಲ್ಲಮ್ಮ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಪೆಟ್ಟು ಎಂದು ಹುಡುಕಿದರೆ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಇದ್ದದ್ದು ಒಂದು ತಮಾಷೆ ಮಾತ್ರ. ಎರಡನೆಯ ವಾರ, ಅವಳು ನನ್ನ ಎಡ ಸೊಂಟ ಯಾಕೆ ಹೀಗೆ ಮೇಲಕ್ಕಿದೆ ಎಂದು ಕೇಳಿದ್ದಕ್ಕೆ ಬಿಂದಿಗೆಯ ವಿಷಯ ಹೇಳುತ್ತಾ, ಅವಳನ್ನು ನಗಿಸೋಣವೆಂದು ಬೆಲ್ಲದ ಕಥೆಯನ್ನೂ ಹೇಳಿದೆ. ಧೊಪ್ಪೆಂದು ಬಿದ್ದದ್ದು, ಬಾಯಿ ಬಿಡದೇ ಇದ್ದದ್ದು, ಎಲ್ಲ. ಅವಳು ನಗಲಿಲ್ಲ.

"ಎಷ್ಟು ಎತ್ತರದಿಂದ ಮೇಡಂ?"

"ಎರಡಾಳು ಎತ್ತರ ಇರಬೋದು."

"ಆಮೇಲೆ ಎಷ್ಟು ದಿನ ರೆಸ್ಟ್ ಮಾಡಿದ್ರಿ?"

"ಮೂರು ದಿನ. ನಾಲ್ಕನೇ ದಿನ ನೀರು ಸೇದ್ದೆ."

"ಎಷ್ಟು ವಯಸ್ಸು ಆಗ?"

"ಒಂಬತ್ತು."

ಅವಳು ಪೆನ್ನು ಕೆಳಗಿಟ್ಟಳು. ಅದೊಂದರಿಂದಲೇ ಹೀಗಾಗಿದೆ ಎಂದು ಹೇಳಲಾಗದು, ಕೂತದ್ದು, ಹೊತ್ತದ್ದು, ಬಗ್ಗಿದ್ದು ಎಲ್ಲ ಸೇರಿಕೊಂಡಿದೆ ಎಂದು ನಿಧಾನವಾಗಿ ವಿವರಿಸಿದಳು. ಆಮೇಲೆ ತಲೆ ತಗ್ಗಿಸಿ, "ಒಂಬತ್ತು ವರ್ಷದ ಮಗೂನ ಆಸ್ಪತ್ರೆಗೆ ಕರ್ಕೊಂಡ್ ಹೋಗಿಲ್ವಾ ಮೇಡಂ ಯಾರೂ?" ಎಂದಳು. ಆಟೋದಲ್ಲಿ ಮನೆಗೆ ಬರುವಾಗ ಲೆಕ್ಕ ಹಾಕಿದೆ. ಐವತ್ತು ವರ್ಷ ಆ ಕಥೆಯನ್ನು ಎಷ್ಟು ಜನ ಕೇಳಿದ್ದಾರೆ, ಎಷ್ಟು ಎತ್ತರದಿಂದ ಎಂದು ಒಬ್ಬರಾದರೂ ಕೇಳಿದ್ದರೇ? ನಾನಾದರೂ ಕೇಳಿಕೊಂಡಿದ್ದೆನೇ?

ಅದೇ ತಿಂಗಳು ಹಿರಿಯರ ಹಬ್ಬಕ್ಕೆ ಗುಬ್ಬಿಗೆ ಹೋದೆ. ಅಣ್ಣ ಹಳೆಯ ಮನೆಯ ಹೆಂಚು ತೆಗೆಸಿ ಮೇಲೆ ಮೋಲ್ಡ್ ಹಾಕಿಸಿದ್ದಾನೆ. ಅಟ್ಟ ಹೋಗಿದೆ. ಅವ್ವ ಅವನ ಜೊತೆಯಲ್ಲೇ ಇದ್ದಾಳೆ, ಎಂಬತ್ತು ದಾಟಿದೆ, ಸೊಂಟದಿಂದ ಮೇಲೆ ಪೂರಾ ಬಾಗಿದ್ದಾಳೆ. ಎದುರಿಗೆ ಬಂದವರ ಮುಖ ನೋಡಲು ಕತ್ತನ್ನು ಓರೆ ಮಾಡಿ ಎತ್ತಬೇಕು. ಚಿಕ್ಕಪ್ಪ ಮನೆಯ ಇನ್ನೊಂದು ಭಾಗದಲ್ಲಿದ್ದಾನೆ, ಎಪ್ಪತ್ತರಲ್ಲೂ ನೆಟ್ಟಗೆ ಗಳುವಿನ ಹಾಗೆ. ಅಪ್ಪನ ಫೋಟೋದ ಮುಂದೆ ಪಂಚೆ, ಅಜ್ಜಿಯ ಫೋಟೋದ ಮುಂದೆ ಹೊಸ ಸೀರೆ ಇಟ್ಟು, ಎಲೆ ಹಾಕಿ, ಕಜ್ಜಾಯ, ಚಿಗಳಿ, ಅವಳಿಗೆ ಇಷ್ಟವಾದ ಹುರುಳಿಕಾಳು ಸಾರು, ಎಲ್ಲ ಬಡಿಸಿದರು. ಎಡೆ ಇಟ್ಟ ಮೇಲೆ ಬಾಗಿಲು ಮುಂದೆ ಮಾಡಿ, ಹಿರಿಯರು ಬಂದು ಉಂಡು ಹೋಗಲಿ ಎಂದು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕೂರುವುದು ಪದ್ಧತಿ. ಜಗುಲಿಯ ಮೇಲೆ ಕೂತೆವು. ಹೊಟ್ಟೆ ಹಸಿದಿತ್ತು. ಪಕ್ಕದ ಮನೆಯ ಗಂಗಮ್ಮನೂ ಬಂದಿದ್ದಳು, ಈಗ ಮುದುಕಿ. ನಾನು ಗೋಡೆ ಹಿಡಿದು ಕೂತದ್ದನ್ನು ನೋಡಿ ಅಣ್ಣ ಶುರುಮಾಡಿದ.

"ಏನ್ ಸರೋಜಾ, ಇನ್ನೂ ಬೆಲ್ಲ ಕದಿಯೋಕೆ ಹೋಗ್ತಿದೀಯಾ?"

ಸೊಸೆಯರು, ಮಕ್ಕಳು ನಗಲು ಸಿದ್ಧರಾದರು. ಅಣ್ಣ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ಬೆಕ್ಕಿನ ಹಾಗೆ ಅಟ್ಟ ಹತ್ತಿದಳು ಎನ್ನುವಲ್ಲಿಗೆ ಬರುವಾಗ ಗಂಗಮ್ಮ ಹುಬ್ಬು ಗಂಟಿಕ್ಕಿದಳು.

"ಬೆಲ್ಲ ಎಲ್ಲಿಂದ ಬಂತಪ್ಪ? ಕಾಯಿ ನೋಡಕ್ಕೆ ಹತ್ಸಿದ್ರಲ್ವಾ ಅವ್ಳ್ನ? ನಮ್ಮನೆ ಹೆಂಚು ಜರುಗಿತ್ತು ಅಂತ ನಾನೇ ಏಣಿ ಕೇಳಕ್ಕೆ ಬಂದಿದ್ದೆ. ನಿಮ್ ಚಿಕ್ಕಪ್ಪಾರೇ ತಗಂಡು ಬಂದ್ರು. ಏಣಿ ಒರಗಿಸಿ ಇನ್ನೂ ಕೈ ಬುಟ್ಟಿಲ್ಲ, ಇಲ್ಲಿ ಧೊಪ್ ಅಂತು. ಇದು ನಿಮ್ಗೆ ಗೊತ್ತಿಲ್ವಾ?"

ಅವಳು ಯಾರ ಮೇಲೂ ದೂರು ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ ಎಂದುಕೊಂಡಿದ್ದಳು. ನನಗೆ ಒಮ್ಮೆಲೇ ಅಟ್ಟದ ಕತ್ತಲು ನೆನಪಾಯಿತು. ಇಳಿಯುವಾಗ ಹಿಂದುಮುಂದಾಗಿ, ಹೊಟ್ಟೆಯನ್ನು ಗಳುವಿಗೆ ಒತ್ತಿ, ಒಂದು ಕಾಲನ್ನು ಕೆಳಗೆ ಬಿಟ್ಟು ಬೆರಳಿನಿಂದ ಏಣಿಯ ಮೆಟ್ಟಿಲನ್ನು ಹುಡುಕುತ್ತಿದ್ದೆ. ಆ ದಿನ ಬೆರಳಿಗೆ ಏನೂ ಸಿಗಲಿಲ್ಲ. ಇನ್ನೊಂದಿಷ್ಟು ಕೆಳಗಿರಬೇಕು ಎಂದು ಇನ್ನೊಂದಿಷ್ಟು ಜಾರಿದೆ. ನನ್ನ ಬಾಯಿಯಲ್ಲಿ ಬೆಲ್ಲ ಇರಲಿಲ್ಲ.

ಚಿಕ್ಕಪ್ಪನ ಕಡೆ ತಿರುಗಿದೆ. "ನಾನು ಮೇಲಿದೀನಿ ಅಂತ ನಿಮಗೆ ಗೊತ್ತಿತ್ತಾ ಚಿಕ್ಕಪ್ಪ?"

"ಅಯ್ಯೋ, ಯಾವ್ ಕಾಲದ್ ಮಾತು ಬುಡಮ್ಮ. ಈಗೇನು, ಏಣಿ ತಂದ್ ಹಾಕ್ಲಾ?"

ಯಾರೋ ಕಿಸಕ್ಕೆಂದರು. ನಾನು ಎದ್ದು ನಿಂತೆ. ಕಾಲಿನಲ್ಲಿ ಬೆಂಕಿ ಹರಿಯಿತು, ಆದರೂ ನಿಂತೆ.

"ಗೊತ್ತಿತ್ತಾ ಇಲ್ವಾ?"

ಚಿಕ್ಕಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. "ಐದ್ ನಿಮಿಷದ್ ಕೆಲ್ಸ ಕಣಮ್ಮ. ಕಾಯ್ತಾಳೆ ಅಂದ್ಕಂಡೆ. ಬೆಲ್ಲದ್ ಮಾತು ನಾನ್ ಹೇಳಿದ್ದಲ್ಲ, ನಮ್ಮವ್ವ ಹೇಳಿದ್ದು. ನಿಮ್ಮಪ್ಪ ಬಂದು ನನ್ನ ಹೊಡೀತಾನೆ ಅಂತ."

ಅವನನ್ನು ಹೊಡೆಯಬಾರದೆಂದು ನನ್ನನ್ನು ಕಳ್ಳಿ ಮಾಡಿದರು. ಅಷ್ಟು ಸಲೀಸಾಗಿ! ಮೂವತ್ತು ವರ್ಷದ ನಂತರ ನನ್ನ ಮಕ್ಕಳು ನನ್ನನ್ನೇ ರೇಗಿಸಿ ನಕ್ಕರು, ನಾನು ಅವರ ಜೊತೆ ನಕ್ಕೆ. ಅಜ್ಜಿ ಸತ್ತಾಗ ಅತ್ತಿದ್ದೆ ಬೇರೆ. ನಾನು ಬಾಗಿಲನ್ನು ದಬ್ಬಿ ತೆರೆದೆ. ಹಿರಿಯರು ಉಣ್ಣುವ ಹೊತ್ತಿನಲ್ಲಿ ಬಾಗಿಲು ತೆಗೆಯಬಾರದು. ಎಲ್ಲರೂ ಹೌಹಾರಿ ಎದ್ದರು.

"ಇಲ್ಲಿ ಬನ್ನಿ. ನಿಮ್ಮವ್ವನ ಫೋಟೋದ ಮುಂದೆ ನಿಂತು ಈ ಮಕ್ಕಳಿಗೆ ಹೇಳಿ, ಸರೋಜ ಬೆಲ್ಲ ಕದೀಲಿಲ್ಲ, ನಾನು ಏಣಿ ತಗೊಂಡೆ ಅಂತ. ಇಷ್ಟೇ ಹೇಳಿ."

"ಸರೋಜಾ, ಹಬ್ಬದ್ ದಿನ ಇದೆಲ್ಲ ಬೇಕಿತ್ತಾ?" ಎಂದ ಅಣ್ಣ.

"ಹಬ್ಬದ ದಿನ ನಗೋದು ಬೇಕಿತ್ತಾ?"

ಚಿಕ್ಕಪ್ಪ ಒಳಗೆ ಬರಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಮುದುಕಿ ಆದ್ರೂ ಬುದ್ಧಿ ಬರ್ಲಿಲ್ಲ ಇವ್ಳಿಗೆ" ಎಂದು ತನ್ನ ಮನೆಗೆ ಹೊರಟುಹೋದ. ಅವನ ಎಲೆಯನ್ನು ಅವನ ಮನೆಗೇ ಕಳಿಸಿಕೊಟ್ಟರು. ಉಳಿದವರು ಕೂತು ಉಂಡರು. ಗಂಗಮ್ಮ ಹೋಗುವಾಗ ನನ್ನ ಕೈ ಹಿಡಿದು, "ನನ್ಗೂ ಗೊತ್ತಿರ್ಲಿಲ್ಲ ಕಣವ್ವ, ಅಷ್ಟೊಂದ್ ಪೆಟ್ಟಾಗೈತೆ ಅಂತ. ಗೊತ್ತಿದ್ರೆ ಕಾಲ್ ಇಡ್ತಿರ್ಲಿಲ್ಲ" ಎಂದಳು. ಆ ಮನೆಯ ಹೊರಗಿನವಳು ಅವಳೊಬ್ಬಳು. ಆವರೆಗೆ ಅಂಥ ಮಾತು ಹೇಳಿದವಳೂ ಅವಳೊಬ್ಬಳೇ.

ಮಧ್ಯಾಹ್ನ ಹಿತ್ತಿಲಿಗೆ ಹೋದೆ. ಅವ್ವ ಅಲ್ಲಿ ಕಲ್ಲಿನ ಮೇಲೆ ಕೂತು ಎಡೆಯ ಪಾತ್ರೆಗಳನ್ನು ಉಜ್ಜುತ್ತಿದ್ದಳು. ಬೇಡವೆಂದರೂ ಕೇಳುವವಳಲ್ಲ. ಅವಳ ಮುಖ ಕಾಣಬೇಕೆಂದು ನಾನು ಎದುರಿಗೆ ಬಕೆಟ್ ಬೋರಲು ಹಾಕಿ ಕೂತೆ.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಆಮೇಲೆ ಹುತ್ರಿದುರ್ಗದಿಂದ ಸೋದರಮಾವ ಬಂದಾಗ್ಲೂ ಹೇಳ್ಲಿಲ್ಲ. ಅವರಾದ್ರೂ ಆಸ್ಪತ್ರೆಗೆ ತೋರಿಸ್ತಿದ್ರು."

"ತವರಿನೋರ್ ಮುಂದೆ ಮನೆ ಮಾತು ಆಡಿದ್ರೆ ನಿಮ್ಮಜ್ಜಿ ನನ್ನ ಅವ್ರ್ ಜೊತೆಗೇ ಕಳಿಸ್ತಿದ್ಲು ಕಣೇ. ನಿಮ್ಮಿಬ್ರುನ್ನ ಇಟ್ಕಂಡು."

"ಸರಿ. ನಾಲ್ಕನೇ ದಿನ ಬಿಂದಿಗೆ ಕೊಟ್ಟೆಯಲ್ಲ, ಅದು ಅಜ್ಜಿ ಹೇಳಿದ್ದಾ?"

ಅವ್ವ ಉಜ್ಜುವುದನ್ನು ನಿಲ್ಲಿಸಿದಳು. "ಅಲ್ಲ. ನಂಗಾಗ ಏಳು ತಿಂಗ್ಳು. ಮೂರ್ ದಿನ ನಾನೇ ಸೇದ್ದೆ. ನಾಲ್ಕ್ನೇ ದಿನ ಸೊಂಟ ಎತ್ತಕ್ಕಾಗ್ಲಿಲ್ಲ."

ಆ ಗರ್ಭದಲ್ಲಿದ್ದ ಮಗು ಉಳಿಯಲಿಲ್ಲ. ಅದು ನನಗೆ ಗೊತ್ತಿತ್ತು. ಅದನ್ನೂ ಇದನ್ನೂ ಒಟ್ಟಿಗೆ ಇಟ್ಟು ಎಂದೂ ನೋಡಿರಲಿಲ್ಲ. ನನ್ನ ಸಿಟ್ಟು ಆ ಕ್ಷಣಕ್ಕೆ ಎಡವಿತು. ಆದರೆ ನಿಲ್ಲಲಿಲ್ಲ.

"ಅಪ್ಪ ಇದ್ರು, ಚಿಕ್ಕಪ್ಪ ಇದ್ರು. ಅಣ್ಣ ಹನ್ನೊಂದು ವರ್ಷದವನು."

"ಗಂಡಸ್ರು ನೀರ್ ಸೇದ್ತಿದ್ರೇನೇ ಆಗ?" ಎಂದಳು ಅವ್ವ. ಕತ್ತು ಓರೆ ಮಾಡಿ ನನ್ನನ್ನು ನೋಡಿದಳು. "ನನ್ ಬೆನ್ನು ಏನಾಗೈತೆ ಅಂತಾನೂ ಯಾರೂ ಕೇಳ್ಲಿಲ್ಲ ಕಣೇ ಸರೋಜಿ."

"ಇದು ಉತ್ತರ ಅಲ್ಲ ಅವ್ವ."

ನಲ್ಲಿಯಿಂದ ನೀರು ಹರಿದು ಹೋಗುತ್ತಿತ್ತು, ಇಬ್ಬರೂ ನಿಲ್ಲಿಸಲಿಲ್ಲ. ಆಮೇಲೆ ಅವಳು ಬೂದಿ ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಹೇಳಿದಳು:

"ಅಲ್ಲ. ನಿನ್ನ ನೀರಿಗೆ ಕಳಿಸ್ಬಾರ್ದಿತ್ತು. ತಪ್ಪಾಯ್ತು."

ಹಾಗೆ ಯಾರಾದರೂ ಹೇಳಿದ ಕೂಡಲೇ "ಪರವಾಗಿಲ್ಲ ಬಿಡು" ಎನ್ನುವುದು ನನ್ನ ಜನ್ಮದ ಅಭ್ಯಾಸ. ಮಾತು ನಾಲಿಗೆಯ ತುದಿಗೆ ಬಂದೇ ಬಂತು. ನನ್ನ ತಾಯಿಯ ಬಾಗಿದ ಕತ್ತನ್ನು, ಓರೆಯಾಗಿ ನನ್ನನ್ನೇ ನೋಡುತ್ತಿದ್ದ ಕಣ್ಣುಗಳನ್ನು ನೋಡುತ್ತಾ, ಆ ಮಾತನ್ನು ನಾನು ಹೇಳಲಿಲ್ಲ. ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ಪಕ್ಕಕ್ಕಿಟ್ಟೆ. ಅಡುಗೆಮನೆಯ ಬಾಗಿಲಿಗೆ ಹೋಗಿ ಅಣ್ಣನನ್ನು ಕರೆದು, ಉಳಿದದ್ದನ್ನು ಬಂದು ತೊಳೆ ಎಂದೆ.